ಡ್ರೈ ಫೋರ್ಕ್ ಕೌಂಟಿಯ ಮತದಾರಳು

ತನ್ನ ವೋಟಿಗೆ ತಕರಾರು ಬಂದಿದೆ ಎಂಬುದು ಶಿವಕ್ಕನಿಗೆ ಗೊತ್ತಾಗಿದ್ದು ಲಂಡನ್ನಿನ ಹ್ಯಾರೋದಲ್ಲಿ ಅವಳು ನರ್ಸಾಗಿದ್ದ ದವಾಖಾನೆ, ಅಲ್ಲಿಯವರು ಜಿಪಿ ಸರ್ಜರಿ ಎನ್ನುವ ಕಡೆ, ಊಟದ ಬಿಡುವಿನಲ್ಲಿ. ಬೆಳಗಿನಿಂದ ಮುದುಕರಿಗೆಲ್ಲ ಫ್ಲೂ ಇಂಜೆಕ್ಷನ್ ಚುಚ್ಚಿ ಬೆರಳು ಸೆಟೆದುಹೋಗಿದ್ದವು. ಒಂದು ಕೈಯಲ್ಲಿ ಚಪಾತಿ ಸುರುಳಿ ಹಿಡಿದು ಇನ್ನೊಂದರಲ್ಲಿ ಫೋನ್ ತೆರೆದಳು. ಅಮೆರಿಕದ ಡ್ರೈ ಫೋರ್ಕ್ ಕೌಂಟಿ ಕಚೇರಿಯ ಮಾರ್ಲೀನ್ ಬರೆದಿದ್ದಳು: ನೀನು ಲಂಡನ್ನಿನಿಂದ ಕಳಿಸಿದ ಮತ ತಲುಪಿದೆ. ಆದರೆ ನೀನು ಈಗ ಈ ಕೌಂಟಿಯವಳಲ್ಲ ಎಂದು ಆಕ್ಷೇಪಣೆ ಬಂದಿದೆ. ಅಧ್ಯಕ್ಷರ ಚುನಾವಣೆಗೆ ಹಾಕಿದ್ದು ಎಣಿಕೆಯಾಗುತ್ತದೆ, ಕೌಂಟಿ ಕಮಿಷನರ್ ಸ್ಥಾನಕ್ಕೆ ಹಾಕಿದ್ದನ್ನು ತಡೆಹಿಡಿದಿದ್ದೇವೆ. ಗುರುವಾರ ವಿಚಾರಣೆ. ವಿಡಿಯೋದಲ್ಲಿ ಬರಬಹುದು, ಬರದಿದ್ದರೂ ನಡೆಯುತ್ತದೆ.

ಆ ಕೊನೆಯ ಮಾತು ಶಿವಕ್ಕನಿಗೆ ಚುರುಕ್ಕೆಂದಿತು. ಚಪಾತಿ ಅಲ್ಲೇ ಇಟ್ಟು, 'ನಾನು ಬರುತ್ತೇನೆ' ಎಂದು ಉತ್ತರ ಬರೆದಳು.

ಡ್ರೈ ಫೋರ್ಕಿಗೆ ಅವಳು ಹೋಗಿದ್ದು ಧಾರವಾಡದಿಂದ, ಮದುವೆಯಾದ ಮೂರನೆಯ ವರ್ಷ. ಗಂಡ ಅಮೃತಪ್ಪ ಡಾಕ್ಟರ್. ಅಮೆರಿಕದಲ್ಲಿ ಓದು ಮುಗಿಸಿದ ಹೊರದೇಶದ ಡಾಕ್ಟರುಗಳಿಗೆ ಅಲ್ಲೇ ಉಳಿಯಬೇಕೆಂದರೆ ಒಂದು ದಾರಿಯಿತ್ತು: ಬೇರೆ ಯಾವ ಡಾಕ್ಟರೂ ಹೋಗಲೊಪ್ಪದ ಊರಿಗೆ ಹೋಗುವುದು. ಅಂಥ ಊರು ಡ್ರೈ ಫೋರ್ಕ್. ಧಾರವಾಡ ಜಿಲ್ಲೆಯಂಥ ಎರಡು ಜಿಲ್ಲೆ ಹಿಡಿಸುವಷ್ಟು ನೆಲ, ಅದರಲ್ಲಿ ಎಂಟುನೂರು ಚಿಲ್ಲರೆ ಜನ. ಉದ್ದಕ್ಕೂ ಬೂದು ಬಣ್ಣದ ಕುರುಚಲು ಗಿಡ, ನಡುವೆ ಬೆಳ್ಳಗೆ ಒಣಗಿ ಬಿರಿದ ಉಪ್ಪಿನ ಕೆರೆ, ಎರಡೂ ಬದಿಗೆ ಮರವಿಲ್ಲದ ಬೆಟ್ಟಸಾಲು. ನೆಲದಲ್ಲಿ ಬಹುಪಾಲು ಕೇಂದ್ರ ಸರ್ಕಾರದ್ದು. ಆ ಸರ್ಕಾರವನ್ನು ಬೈಯದೆ ಅಲ್ಲಿಯವರು ಕಾಫಿ ಕುಡಿಯುತ್ತಿರಲಿಲ್ಲ. ಒಂದು ಶಾಲೆ, ಒಂದು ಪೆಟ್ರೋಲ್ ಬಂಕು, ಒಂದು ಕೋರ್ಟು ಕಟ್ಟಡ, ಒಂದು ಕ್ಲಿನಿಕ್. ಕ್ಲಿನಿಕ್ಕಿನಲ್ಲಿ ಅಮೃತಪ್ಪ ಡಾಕ್ಟರ್, ಶಿವಕ್ಕ ನರ್ಸು. ಮೂರು ವರ್ಷಕ್ಕೆಂದು ಹೋದವರು ಇಪ್ಪತ್ತೆರಡು ವರ್ಷ ಉಳಿದರು. ಮಗಳು ಅನ್ವಿತಾ ಹುಟ್ಟಿ ಬೆಳೆದದ್ದು ಅಲ್ಲೇ. ಅಮೃತಪ್ಪ ಎದೆನೋವಿನಿಂದ ತೀರಿಕೊಂಡದ್ದೂ ಅಲ್ಲೇ. ಊರಿನ ಗೋಮಾಳದ ಅಂಚಿನ ಸ್ಮಶಾನದಲ್ಲಿ, ಲಿಂಗಾಯತರ ಪದ್ಧತಿಯಂತೆ ಕೂರಿಸಿಯೇ ಮಣ್ಣು ಮಾಡಬೇಕೆಂದು ಶಿವಕ್ಕ ಹಟ ಹಿಡಿದಾಗ, ಕಲ್ಲುನೆಲವನ್ನು ಅಷ್ಟು ಆಳಕ್ಕೆ ತೋಡಿಕೊಟ್ಟವನು ಪಕ್ಕದ ದನದ ದೊಡ್ಡಿಯ ಯಜಮಾನ ವೇಡ್ ಹಾಲಿಸ್ಟರ್, ತನ್ನದೇ ಯಂತ್ರ ತಂದು.

ಈಗ ಆಕ್ಷೇಪಣೆ ಹಾಕಿದವನೂ ಅದೇ ವೇಡ್. ಕಮಿಷನರ್ ಸ್ಥಾನಕ್ಕೆ ನಿಂತವನೂ ಅವನೇ.

ಅಲ್ಲಿ ಅಧ್ಯಕ್ಷರ ಚುನಾವಣೆಗೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಪಕ್ಷಕ್ಕೆ ಹಾಕುತ್ತಿದ್ದರು, ಅದರಲ್ಲಿ ಜಗಳವಿರಲಿಲ್ಲ. ಜಗಳವೆಲ್ಲ ಕೌಂಟಿ ನಡೆಸುವ ಮೂವರು ಕಮಿಷನರುಗಳದ್ದು. ಈ ಸಲ ಅದು ನೀರಿನ ಮೇಲೆ ಬಂದು ನಿಂತಿತ್ತು. ದಕ್ಷಿಣದ ದೊಡ್ಡ ನಗರವೊಂದು ಕೊಳವೆ ಹಾಕಿ ಕಣಿವೆಯ ಅಂತರ್ಜಲ ಕೊಂಡೊಯ್ಯುತ್ತೇನೆಂದಿತ್ತು. ಮಾರೋಣ ಎಂದವನು ವೇಡ್. ಮಾರಬಾರದು ಎಂದವಳು ಶಾಲೆಯ ಬಸ್ ಓಡಿಸುವ ಹೆಂಗಸು. ಶಿವಕ್ಕ ಅವಳಿಗೆ ಹಾಕಿದ್ದಳು. ಚುನಾವಣೆಯ ರಾತ್ರಿಯ ಎಣಿಕೆಯಲ್ಲಿ ವೇಡ್ ಇನ್ನೂರ ಹನ್ನೊಂದು, ಆಕೆ ಇನ್ನೂರ ಐದು.

ಅಂದು ಸಂಜೆ ಲಂಡನ್ನಿನ ಕೆಂಟನ್ ಬಡಾವಣೆಯ ಮನೆಯಲ್ಲಿ ಊಟಕ್ಕೆ ಕೂತಾಗ ಶಿವಕ್ಕ ವಿಷಯ ಹೇಳಿದಳು. ಗಂಡ ಸತ್ತ ಮೇಲೆ ಅವಳು ನರ್ಸಿನ ಕೆಲಸ ಹಿಡಿದು ಲಂಡನ್ನಿಗೆ ಬಂದಿದ್ದೇ ಮಗಳು ಇಲ್ಲಿದ್ದಾಳೆಂದು. ಅನ್ವಿತಾ ಸ್ಟ್ರಾಟ್‌ಫರ್ಡ್‌ನಿಂದ ಎರಡು ಟ್ಯೂಬ್ ರೈಲು ಬದಲಿಸಿ ಬಂದು ಸುಸ್ತಾಗಿದ್ದಳು.

"ಆರು ವೋಟಿನಿಂದ ಗೆದ್ದಿದಾನೆ. ನಿನ್ನ ಒಂದು ವೋಟ್ ಡಸಂಟ್ ಚೇಂಜ್ ಎನಿಥಿಂಗ್, ಅವ್ವಾ. ಲೆಟ್ ಇಟ್ ಗೋ."

"ಗೆಲ್ಲೂದು ಸೋಲೂದು ಬ್ಯಾರೆ ಮಾತು. ನಾ ಆ ಊರಾಕಿ ಅಲ್ಲ ಅಂದಾನ ಅವ. ಅದಕ್ಕ ಉತ್ತರ ಕೊಡಬೇಕೋ ಬ್ಯಾಡೋ?"

"ಆ ಊರು?" ಅನ್ವಿತಾ ಚಮಚ ಕೆಳಗಿಟ್ಟಳು. "ಇಪ್ಪತ್ತೆರಡು ವರ್ಷದಲ್ಲಿ ದೇ ನೆವರ್ ಲರ್ನ್ಡ್ ಯುವರ್ ನೇಮ್. ಶಿವ್ ಅಂತಿದ್ರು. ಹುಡುಗರ ಹೆಸರಿನ ಥರ. ಶಾಲೆಯಲ್ಲಿ ನನ್ನ ಡಬ್ಬಿ ಮೂಸಿ ನೋಡಿ ಓಡ್ತಿದ್ರು. ಆ ಜನಕ್ಕೋಸ್ಕರ ಯಾಕೆ ಫೈಟ್ ಮಾಡ್ತೀಯ?"

"ಆ ಮಂದಿಗೋಸ್ಕರ ಯಾರು ಅಂದ್ರು? ನನಗೋಸ್ಕರ."

ಅಳಿಯ ರೋಹನ ಬೆಂಗಳೂರಿನವನು, ಜಗಳ ಕಂಡರೆ ತಪ್ಪಿಸಿಕೊಳ್ಳುವ ಸ್ವಭಾವ. "ಅತ್ತೆ, ನೀವು ಇಲ್ಲೇ ವೋಟ್ ಹಾಕಬಹುದಲ್ವಾ? ನನಗೆ ಇಂಡಿಯನ್ ಪಾಸ್‌ಪೋರ್ಟ್ ಇದ್ರೂ ಕೌನ್ಸಿಲ್‌ನವರು ಪೋಲಿಂಗ್ ಕಾರ್ಡ್ ಕಳಿಸ್ತಾರೆ."

"ನಿನಗ ಕಳಸ್ತಾರಪಾ, ಇಂಡಿಯಾ ಕಾಮನ್‌ವೆಲ್ತಿನಾಗ ಐತಿ. ಅಮೆರಿಕನ್ ಪಾಸ್‌ಪೋರ್ಟಿನವರಿಗೆ ಇಲ್ಲಿ ವೋಟಿಲ್ಲ. ಇಂಡಿಯಾದ್ದು ಬಿಟ್ಟುಕೊಟ್ಟ ಮ್ಯಾಲೆ ಅಲ್ಲೂ ಇಲ್ಲ. ಈ ಭೂಮಿ ಮ್ಯಾಲೆ ನನ್ನ ತಲಿ ಎಣಸೂದು ಅದೊಂದು ಜಾಗಾದಾಗ."

ರೋಹನನಿಗೆ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವನು ಅನ್ನಕ್ಕೆ ಸಾರು ಹಾಕಿಕೊಂಡ. ಅನ್ವಿತಾ ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಗುರುವಾರ ಶಿವಕ್ಕ ಸರ್ಜರಿಯಿಂದ ಬೇಗ ಹೊರಟು ಬಂದಳು. ಇಲ್ಲಿ ಸಂಜೆ, ಅಲ್ಲಿ ಬೆಳಗ್ಗೆ. ಯೂನಿಫಾರ್ಮ್ ಬದಲಿಸಿ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ಅಡುಗೆಮನೆಯ ಮೇಜಿನ ಮುಂದೆ ಕೂತಳು. ಕೌಂಟಿಯಲ್ಲಿ ಇಪ್ಪತ್ತೆರಡು ವರ್ಷ ಜೀನ್ಸಿನಲ್ಲೇ ಓಡಾಡಿದವಳು ಇವತ್ತು ಸೀರೆ ಯಾಕೆ ಉಟ್ಟಳೋ, ಕೇಳಿದರೆ ಅವಳೂ ಹೇಳುತ್ತಿರಲಿಲ್ಲ. ಅನ್ವಿತಾ ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ತನಗೆ ಸಂಬಂಧವಿಲ್ಲ ಎಂಬಂತೆ ಸಿಂಕಿನ ಬಳಿ ನಿಂತಳು, ಆದರೆ ನಲ್ಲಿ ತಿರುಗಿಸಲಿಲ್ಲ.

ಪರದೆಯ ಮೇಲೆ ಕೋರ್ಟಿನ ಕೋಣೆ ಕಂಡಿತು. ಎಣಿಕೆ ಮಂಡಳಿಯ ಮೂವರು ಸದಸ್ಯರು, ಪಕ್ಕದಲ್ಲಿ ಮಾರ್ಲೀನ್, ಎದುರಿನ ಕುರ್ಚಿಯಲ್ಲಿ ಮಂಡಿಯ ಮೇಲೆ ಹ್ಯಾಟಿಟ್ಟುಕೊಂಡು ವೇಡ್. ಮೊದಲಿಗಿಂತ ಬೊಜ್ಜು ಬಂದಿತ್ತು.

"ಶಿವ್, ನಿನ್ನ ಮೇಲೆ ನನಗೆ ಏನೂ ಇಲ್ಲ," ಎಂದು ಅವನೇ ಶುರು ಮಾಡಿದ. "ಡಾಕ್ಟರ್ ನನ್ನ ಮಗಳ ಜೀವ ಉಳಿಸಿದವರು. ನಾನು ಹೇಳುವುದಿಷ್ಟೆ. ಇಲ್ಲಿಯ ನೀರಿನ ಮಾತು ಇಲ್ಲಿಯ ನೀರು ಕುಡಿಯುವವರು ಆಡಬೇಕು."

"ನನ್ನ ಹೆಸರು ಶಿವಕ್ಕ," ಎಂದಳು ಅವಳು ಇಂಗ್ಲಿಷಿನಲ್ಲಿ. "ದಾಖಲೆಗೆ ಪೂರ್ತಿ ಹೆಸರು ಬರೆದುಕೊಳ್ಳಿ, ಮಾರ್ಲೀನ್. ಆಮೇಲೆ ನನಗೊಂದು ಮಾತು ಹೇಳು, ವೇಡ್. ಬಂಕಿನ ಯಜಮಾನ ಐದು ವರ್ಷದಿಂದ ಮಗನ ಜೊತೆ ಅರಿಜೋನಾದಲ್ಲಿದ್ದಾನೆ. ಮಾರ್ಲೀನಳ ತಂಗಿ ಮೆಕ್ಸಿಕೋದ ಸಮುದ್ರದ ದಂಡೆಯಲ್ಲಿದ್ದಾಳೆ. ಅವರ ವೋಟುಗಳಿಗೂ ಆಕ್ಷೇಪಣೆ ಹಾಕಿದ್ದೀಯೋ?"

ಮಾರ್ಲೀನ್ ತಲೆ ತಗ್ಗಿಸಿ ಬರೆಯತೊಡಗಿದಳು. ವೇಡ್ ಹ್ಯಾಟಿನ ಅಂಚು ತಿರುವುತ್ತ, "ಅವರು ಇಲ್ಲಿಯವರು," ಎಂದ.

"ನಾನು?"

"ನೀನೂ ಇಲ್ಲಿದ್ದೆ, ಸರಿ. ಈಗ ಹೊರಟುಹೋಗಿದ್ದೀಯ. ನಿನಗೆ ನಿನ್ನ ದೇಶವಿದೆ, ಅಲ್ಲಿ ಹಾಕಬಹುದು."

"ಅದು ಯಾವ ದೇಶ ಅಂತ ಹೇಳು. ನಾಳೆಯೇ ಹೋಗಿ ಹಾಕಿ ಬರುತ್ತೇನೆ. ಅಮೆರಿಕದವಳಾಗುತ್ತೇನೆಂದು ಕೈಯೆತ್ತಿ ಪ್ರಮಾಣ ಮಾಡಿದಾಗ ಬೇರೆಯದನ್ನೆಲ್ಲ ಬಿಡು ಅಂದರು, ಬಿಟ್ಟೆ. ಈಗ ಇದನ್ನೂ ಬಿಡು ಅನ್ನುತ್ತೀಯ. ಇದನ್ನು ಬಿಡುವುದಿಲ್ಲ." ಅವಳ ದನಿ ಏರಿತ್ತು. "ಆರು ವೋಟಿನಿಂದ ಗೆದ್ದಿದ್ದೀಯ. ನನ್ನ ಒಂದು ವೋಟಿಗೆ ಯಾಕಿಷ್ಟು ಹೆದರಿಕೆ?"

"ಹೆದರಿಕೆಯಲ್ಲ. ಅದು ನಿಯಮ."

ಮಂಡಳಿಯ ಹಿರಿಯ ಸದಸ್ಯ ಕೆಮ್ಮಿದ. ನಿಯಮ ಕೇಳುವುದು ಒಂದೇ ಪ್ರಶ್ನೆ ಎಂದ. "ಮೇಡಂ, ನೀವು ಡ್ರೈ ಫೋರ್ಕಿಗೆ ಹಿಂದಿರುಗುವ ಉದ್ದೇಶ ಇಟ್ಟುಕೊಂಡಿದ್ದೀರಾ?"

ಹೌದೆಂದರೆ ಮುಗಿಯುತ್ತಿತ್ತು, ಸುಳ್ಳಾದರೂ ಯಾರು ನೋಡುತ್ತಿದ್ದರು. ಆದರೆ ಶಿವಕ್ಕನ ಕಣ್ಣ ಮುಂದೆ ಡ್ರೈ ಫೋರ್ಕಿನ ತನ್ನ ಮನೆ ಬಂತು. ಶಾಲೆಯ ಮೇಷ್ಟ್ರಿಗೆ ಬಾಡಿಗೆ ಕೊಟ್ಟಿದ್ದ ಅದನ್ನು ಮಾರಿಬಿಡು ಎಂದು ಅನ್ವಿತಾ ಎಷ್ಟು ಸಲ ಹೇಳಿದರೂ ಅವಳು ಮಾರಿರಲಿಲ್ಲ. ಯಾಕೆ ಮಾರಲಿಲ್ಲವೆಂದು ತನ್ನನ್ನೇ ಕೇಳಿಕೊಂಡಿರಲಿಲ್ಲ.

"ಬರುತ್ತೇನೆ," ಎಂದಳು. "ಇಲ್ಲಿಯ ಕೆಲಸ ಮುಗಿದ ಮೇಲೆ ಬರುತ್ತೇನೆ. ನನ್ನ ಮನೆ ಅಲ್ಲಿದೆ. ನನ್ನ ಗಂಡ ಅಲ್ಲಿ ಕೂತಿದ್ದಾನೆ, ಕೂರಿಸಲು ಕುಣಿ ತೋಡಿದವನು ವೇಡ್. ಅವನ ಪಕ್ಕದ ಜಾಗ ನನ್ನದು."

ವೇಡ್ ನೆಲ ನೋಡಿದ. ಯಾವ ದಿನ ಬರುತ್ತೀರಿ ಎಂದು ಸದಸ್ಯ ಕೇಳಿದ. ಈಗಲೇ ಹೇಳಲಾರೆ ಎಂದಳು. ಮೂವರೂ ತಲೆ ಕೂಡಿಸಿ ಗುಸುಗುಸು ಮಾತಾಡಿ ತೀರ್ಮಾನ ಹೇಳಿದರು: ದಿನ ಗೊತ್ತಿಲ್ಲದ ಉದ್ದೇಶ ಉದ್ದೇಶವಲ್ಲ. ಇಬ್ಬರು ಹೌದೆಂದರು, ಒಬ್ಬಳು ಅಲ್ಲವೆಂದಳು. ಮತ ತಿರಸ್ಕೃತ.

"ಸರಿ. ಇದರ ಮೇಲೆ ಎಲ್ಲಿಗೆ ಹೋಗಬೇಕು?" ಎಂದು ಶಿವಕ್ಕ ಕೇಳಿದಳು.

ಮಾರ್ಲೀನ್ ಚಕಿತಳಾಗಿ ತಲೆಯೆತ್ತಿದಳು. "ರಾಜ್ಯದ ಚುನಾವಣಾ ಕಚೇರಿಗೆ. ಆದರೆ ಫಲಿತಾಂಶವಂತೂ ಬದಲಾಗುವುದಿಲ್ಲ…"

"ಅದು ನನಗೂ ಗೊತ್ತು," ಎಂದು ಶಿವಕ್ಕ ಲ್ಯಾಪ್‌ಟಾಪ್ ಮುಚ್ಚಿದಳು.

ಅನ್ವಿತಾ ಸಿಂಕಿನ ಬಳಿಯೇ ನಿಂತಿದ್ದಳು. ಮುಖ ಕೆಂಪಾಗಿತ್ತು. "ವಾಪಸ್ ಹೋಗ್ತೀನಿ ಅಂದೆ. ನಿಜವಾಗ್ಲೂ? ಆರ್ ವಾಸ್ ದಟ್ ಫಾರ್ ದ ವೋಟ್?"

"ಬಾಯಿಂದ ಬರೂತನಕ ನನಗೂ ಗೊತ್ತಿರಲಿಲ್ಲ."

"ನನಗೋಸ್ಕರ ಇಲ್ಲಿಗೆ ಬಂದೆ ಅಂದುಕೊಂಡಿದ್ದೆ."

"ನಿನಗೋಸ್ಕರನ ಬಂದೇನಿ. ಇನ್ನೂ ಅದೇನಿ. ಆದ್ರ ನೀ ಬಿಟ್ಟುಬಂದ ಊರನ್ನ ನಾನೂ ಬಿಡಬೇಕಂತ ಎಲ್ಲಿ ಐತಿ? ನಿನಗ ಅಲ್ಲಿ ತ್ರಾಸಾತು, ನಾ ಇಲ್ಲ ಅನ್ನಂಗಿಲ್ಲ. ನನಗೂ ಆಗೇತಿ. ಹಂಗಂತ ಅವರು ಹೋಗಂದ್ರ ಹೋಗೂದನು?"

ಅನ್ವಿತಾ ಅತ್ತಳು. ಅವ್ವ ಸಮಾಧಾನ ಮಾಡಲು ಎದ್ದರೆ ಕೈ ತಳ್ಳಿ ಮಹಡಿಗೆ ಹೋದಳು. ಅಂದು ಇಬ್ಬರೂ ಮತ್ತೆ ಮಾತಾಡಲಿಲ್ಲ. ಮರುದಿನವೂ ಹಾಗೆಯೇ ಹೋಯಿತು. ಶನಿವಾರ ಬೆಳಿಗ್ಗೆ ಶಿವಕ್ಕ ಮೇಲ್ಮನವಿ ಬರೆಯಲು ಕೂತು, ವಕೀಲರ ಇಂಗ್ಲಿಷಿಗೆ ತಡವರಿಸುತ್ತಿದ್ದಾಗ ಮಗಳು ಚಹಾದ ಮಗ್ ಹಿಡಿದು ಬಂದು ಪಕ್ಕದ ಕುರ್ಚಿ ಎಳೆದುಕೊಂಡಳು.

"ಅವನು 'ನಿನಗೆ ನಿನ್ನ ದೇಶವಿದೆ' ಅಂದನಲ್ಲ, ಐ ವಾಂಟ್ ದಟ್ ಇನ್. ಮೊದಲನೇ ಪ್ಯಾರಾದಲ್ಲೇ," ಎಂದಳು. "ಸರಿ, ಇಲ್ಲಿ ಕೊಡು."

ಬರೆದು ಕಳಿಸಿದರು. ಉತ್ತರ ಬರಲಿಲ್ಲ. ಮತ್ತೆ ಬರೆದರು. ಕಚೇರಿಗೆ ಫೋನ್ ಮಾಡಿದರೆ ಗಂಟೆಗಟ್ಟಲೆ ಸಂಗೀತ ಕೇಳಿಸಿದರು. ಶಿವಕ್ಕ ಅದನ್ನು ಸ್ಪೀಕರಿಗೆ ಹಾಕಿ ರೊಟ್ಟಿ ಬಡಿದಳು. ಆ ಚಳಿಗಾಲದಲ್ಲಿ ವೇಡ್ ಕಮಿಷನರಾಗಿ ಪ್ರಮಾಣ ಮಾಡಿದ, ನೀರಿನ ಮಾತುಕತೆ ಶುರುವಾಯಿತು. ನಗರದವರು ಸರ್ವೆಗೆ ಬಂದು ಹೋದರೆಂದು ಅಲ್ಲಿಯ ಮನೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ಫೋಟೋ ಕಳಿಸಿದರು. ಅತ್ತೆ ಸುಮ್ಮನೆ ತಲೆಬಿಸಿ ಮಾಡಿಕೊಳ್ಳುತ್ತಿದ್ದಾರೆಂದು ರೋಹನ ಒಂದು ಸಲ ಅಂದ. ಅನ್ವಿತಾ ಅವನನ್ನು ನೋಡಿದ ನೋಟಕ್ಕೆ ಎರಡನೆಯ ಸಲ ಅನ್ನಲಿಲ್ಲ.

ಏಪ್ರಿಲಿನಲ್ಲಿ ಆದೇಶ ಬಂತು. ಮನೆ ಇಟ್ಟುಕೊಂಡು, ಹಿಂದಿರುಗುತ್ತೇನೆಂದು ಹೇಳಿದ ಮತದಾರಳಿಗೆ ದಿನ ಕೇಳುವ ಅಧಿಕಾರ ಮಂಡಳಿಗೆ ಇರಲಿಲ್ಲ. ಉಳಿದವರನ್ನು ಬಿಟ್ಟು ಒಬ್ಬಳನ್ನೇ ಕೇಳಿದ್ದೂ ಸರಿಯಲ್ಲ. ಶಿವಕ್ಕ ಡ್ರೈ ಫೋರ್ಕ್ ಕೌಂಟಿಯ ನಿವಾಸಿ. ಮತ ಎಣಿಸತಕ್ಕದ್ದು.

ಎಣಿಸಿದರು. ವೇಡ್ ಇನ್ನೂರ ಹನ್ನೊಂದು, ಬಸ್ ಓಡಿಸುವವಳು ಇನ್ನೂರ ಆರು. ತಿದ್ದಿದ ಫಲಿತಾಂಶದ ಹಾಳೆಯನ್ನು ಮಾರ್ಲೀನ್ ಕೋರ್ಟಿನ ಬಾಗಿಲಿಗೆ ಅಂಟಿಸಿ, ಅದರ ಫೋಟೋ ಕಳಿಸಿದಳು. ಅನ್ವಿತಾ ಅದನ್ನು ಹಿಗ್ಗಿಸಿ ನೋಡಿ ಜೋರಾಗಿ ನಕ್ಕಳು. "ಫೈವ್! ಆರು ಹೋಗಿ ಐದಾಯ್ತು, ಅವ್ವಾ! ಐದು ತಿಂಗಳ ಫೈಟಿಗೆ!"

"ಹೂಂ, ಐದು," ಎಂದು ಶಿವಕ್ಕ ಗಂಭೀರವಾಗಿ ಹೇಳಿ, ಆಮೇಲೆ ತಾನೂ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆಮೇಲೆ ಮಾರ್ಲೀನಳಿಗೆ ಫೋನ್ ಹಚ್ಚಿದಳು. ಅಭಿನಂದನೆಯ ಮಾತು ಮುಗಿದ ಮೇಲೂ ಇಡಲಿಲ್ಲ.

"ನಾನು ನಿವಾಸಿ ಅಂತ ಈಗ ರಾಜ್ಯವೇ ಬರೆದುಕೊಟ್ಟಿದೆ, ಅಲ್ಲವೇ?"

"ಹೌದು, ಶಿವ್… ಶಿವಕ್ಕ."

"ಮುಂದಿನ ಕಮಿಷನರ್ ಸ್ಥಾನ ಯಾವಾಗ ಖಾಲಿಯಾಗುತ್ತದೆ?"

ಆ ಕಡೆ ಹಾಳೆ ತಿರುವುವ ಸದ್ದು ಕೇಳಿತು. ಅನ್ವಿತಾ ಮಗ್ ಬಾಯಿಗೆ ಹಿಡಿದವಳು ಹಾಗೆಯೇ ನಿಂತಳು.

"ಬರುವ ವರ್ಷ ಒಂದು," ಎಂದಳು ಮಾರ್ಲೀನ್. "ಮಾರ್ಚ್‌ನಲ್ಲಿ ಅರ್ಜಿ ತೆಗೆದುಕೊಳ್ಳುತ್ತೇವೆ. ನೀನೇ ಖುದ್ದಾಗಿ ಬರಬೇಕು."

"ಬರುತ್ತೇನೆ," ಎಂದಳು ಶಿವಕ್ಕ. "ಈಗ ದಿನ ಕೇಳು, ಹೇಳುತ್ತೇನೆ."