ಗಿಟಾರ್ ಒಸಿ ಕಮ್ಮಿ ಮಾಡು

ಭಾನುಪ್ರಿಯಳಿಗೆ ಸಿಟ್ಟು ನೆತ್ತಿಗೇರಿತ್ತು. ಏರದೆ ಇನ್ನೇನು? ಬೆಳಗಾದರೆ ರಾಮನಗರದಲ್ಲಿ ಕಾಲೇಜುಗಳ ಹಾಡಿನ ಸ್ಪರ್ಧೆ. ಗಿಟಾರ್ ನುಡಿಸುತ್ತ, ತಾನೇ ಕಟ್ಟಿದ ಹಾಡನ್ನು ಹಾಡಬೇಕು. ಇವತ್ತು ಅಭ್ಯಾಸಕ್ಕೆ ಹೋದರೆ ಮೈಕ್ ನೋಡಿಕೊಳ್ಳುವ ಓವೈಸ್ ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿದ. ರೆಕಾರ್ಡ್ ಮಾಡಿದ್ದನ್ನು ಹಾಕಿ ಕೇಳಿಸಿದ. ಅಯ್ಯಯ್ಯೋ, ಗಿಟಾರಿನ ಸುಳಿವೇ ಇಲ್ಲ! ಹೊಲದ ಆಚೆ ಬದಿಯವರನ್ನು ಕೂಗಿದ ಹಾಗೆ ಅವಳ ಗಂಟಲೊಂದೇ ಅರಚುತ್ತಿತ್ತು. ದನಿ ಮುಂದಿರಲಿ, ಗಿಟಾರ್ ಹಿಂದೆ ಬರಲಿ, ಆದರೆ ಬರಬೇಕಲ್ಲ ಎಂದ ಓವೈಸ್. ಹೊಸ ತಂತಿ ಹಾಕಿಡುತ್ತೇನೆಂದು ಗಿಟಾರನ್ನೂ ತನ್ನ ಹತ್ತಿರವೇ ಇಟ್ಟುಕೊಂಡ.

ಇದೆಲ್ಲ ಅವ್ವನ ಕೃಪೆ. ಎರಡು ವರ್ಷದಿಂದ ದಿನಾ ಸಂಜೆ ಚನ್ನಪಟ್ಟಣದ ಮನೆಯಲ್ಲಿ ಹಾಡಿದಾಗಲೆಲ್ಲ ವೆಂಕಟಲಕ್ಷ್ಮಮ್ಮನದು ಒಂದೇ ತಕರಾರು, ಗಿಟಾರ್ ಜಾಸ್ತಿ, ದನಿ ಕೇಳೋದಿಲ್ಲ. ಭಾನು ತಂತಿ ಮೀಟುವ ಕಡ್ಡಿ ಬಿಟ್ಟು ಬರೀ ಹೆಬ್ಬೆರಳಲ್ಲಿ ಮೀಟಿದಳು. ತಂತಿಯ ಕೆಳಗೆ ಬಟ್ಟೆ ತುರುಕಿದಳು. ಗಂಟಲು ಏರಿಸಿದಳು. ಊಹೂಂ, ಅವ್ವನಿಗೆ ಸಾಲದು. ಆ ಹಾಡು ಅವ್ವನ ಮೇಲೆಯೇ ಕಟ್ಟಿದ್ದು. ರೇಷ್ಮೆ ಹುರಿ ಮಾಡುವ ಮಿಷನ್ನುಗಳ ಗದ್ದಲದಲ್ಲಿ ಹದಿನೆಂಟು ವರ್ಷ ನಿಂತು, ಕಡಿದ ಎಳೆಗಳಿಗೆ ಗಂಟು ಹಾಕುವ ಅವ್ವನ ಬೆರಳುಗಳ ಹಾಡು. ಹಾಗೆಂದು ಭಾನು ಬಾಯಿಬಿಟ್ಟು ಹೇಳಿರಲಿಲ್ಲ. ಅವ್ವ ಕೇಳಿಸಿಕೊಂಡು ನಾಚಿ ಸುಮ್ಮನಿದ್ದಾಳೆ ಎಂದುಕೊಂಡಿದ್ದಳು.

ಮನೆಗೆ ಬಂದಾಗ ವೆಂಕಟಲಕ್ಷ್ಮಮ್ಮ ಹೊಸ್ತಿಲಲ್ಲಿ ಬೀದಿಗೆ ಮುಖ ಮಾಡಿ ಅವರೆಕಾಯಿ ಸುಲಿಯುತ್ತಿದ್ದಳು. ಬರೀ ದನಿ ಎಷ್ಟು ಬೋಳು ಅಂತ ಇವಳಿಗೂ ಗೊತ್ತಾಗಲಿ ಎಂದುಕೊಂಡಳು ಭಾನು. ಎದುರು ನಿಂತು, ಹಾಡ್ತೀನಿ ಕೇಳು ಎಂದು ಹೇಳಿ ಒಳಗೆ ಹೋದಳು. ಅವ್ವನ ಬೆನ್ನ ಹಿಂದೆ ಕೂತು, ಗಿಟಾರಿಲ್ಲದೆ ಇಡೀ ಹಾಡು ಹಾಡಿದಳು. ಮುಗಿಸಿ ಮುಂದೆ ಬಂದು ಹೇಗಿತ್ತೆಂದು ಕೇಳಿದಳು.

ವೆಂಕಟಲಕ್ಷ್ಮಮ್ಮ ತಲೆಯೆತ್ತಿ ಮಗಳ ತುಟಿ ನೋಡಿದಳು.

"ಚೆನ್ನಾಗೈತೆ. ಗಿಟಾರ್ ಒಸಿ ಕಮ್ಮಿ ಮಾಡು. ನಿನ್ ದನೀನೇ ಕೇಳಕ್ಕಿಲ್ಲ."

ಭಾನುವಿನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಮತ್ತೆ ಒಳಗೆ ಹೋಗಿ ಅವ್ವಾ ಎಂದು ಕರೆದಳು. ಇನ್ನೂ ಜೋರಾಗಿ ಕರೆದಳು. ಪಕ್ಕದ ಮನೆಯವರು ಇಣುಕಿದರು. ಅವ್ವ ಕಾಯಿ ಸುಲಿಯುತ್ತಲೇ ಇದ್ದಳು.

ಭಾನು ಬಂದು ಅವಳೆದುರು ಕುಕ್ಕರಿಸಿದಳು.

"ಗಿಟಾರ್ ಮನೇಲೇ ಇಲ್ಲ ಕಣವ್ವ."

ವೆಂಕಟಲಕ್ಷ್ಮಮ್ಮನ ಕೈ ನಿಂತಿತು. ಮುಖ ಕಪ್ಪಿಟ್ಟಿತು. ಎಷ್ಟು ದಿನದಿಂದ ಹೀಗೆ ಎಂದು ಮಗಳು ಕೇಳಿದ್ದಕ್ಕೆ, ಗಿಟಾರ್ ತಂದಾಗಲೇ ಕಿವಿ ಮುಕ್ಕಾಲು ಹೋಗಿತ್ತು, ಈಗ ಉಳಿದದ್ದೂ ಇಲ್ಲ ಎಂದಳು. ಹೇಳಬಾರದಿತ್ತಾ ಎಂದು ಭಾನು ಅತ್ತೇಬಿಟ್ಟಳು.

"ಹೇಳಿದ್ರೆ ನನ್ ಮುಂದೆ ಹಾಡೋದೇ ಬುಟ್ಬುಡ್ತೀಯ ಅಂದ್ಕಂಡೆ. ನಿನ್ ಮೊಕ ನೋಡ್ತಾ ಕೂತ್ಕಳಕೆ ಆಸೆ ಕಣೆ." ಸೆರಗಿನಿಂದ ಮಗಳ ಕೆನ್ನೆ ಒರೆಸಿದಳು. ಆಮೇಲೆ ತಪ್ಪು ಮಾಡಿದವಳ ಹಾಗೆ, ತುಸು ಅಂಜುತ್ತಲೇ ಕೇಳಿದಳು: "ತುಟಿ ನೋಡಿದ್ರೆ ಅದೊಂದೇ ಹಾಡು ಹಾಡ್ತೀಯಲ್ಲ, ಯಾರ್ ಮ್ಯಾಲೆ ಮಗ ಅದು?"