ಆಲೆ ಮರದಲ್ಲಿ ಕಾರ್ಲೆಯ ಚೈತ್ಯ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಲ್ಲಿ ಮುನಿತಾಯಮ್ಮ ಮೂವತ್ತು ವರ್ಷದಿಂದ ಲೇತ್ ಮೇಲೆ ಆಲೆ ಮರ ಕಡೆದು ಗೊಂಬೆ ಮಾಡುತ್ತಾ ಬಂದವಳು. ಬುಗುರಿ, ಗಿಲಕಿ, ಚದುರಂಗದ ಕಾಯಿ, ಏನು ಕೇಳಿದರೂ ಆಗೋದಿಲ್ಲ ಅಂದವಳಲ್ಲ. ಆವತ್ತು ಬಂದ ಹೆಣ್ಣುಮಗಳು ಮಾತ್ರ ಒಂದು ಗುಡಿಯನ್ನೇ ಕೇಳಿದಳು.

ಅವಳ ಹೆಸರು ಅನುಷಾ. ರಾಮನಗರದ ಕಾಲೇಜೊಂದರಲ್ಲಿ ಇತಿಹಾಸದ ಮೇಡಂ. ಹುಟ್ಟಿನಿಂದಲೇ ಕಣ್ಣು ಕಾಣದು. ಅಣ್ಣ ಸಿದ್ದರಾಮು ಬೈಕಿನಲ್ಲಿ ಕರೆದುಕೊಂಡು ಬಂದಿದ್ದ.

"ಮಹಾರಾಷ್ಟ್ರದಲ್ಲಿ ಕಾರ್ಲೆ ಅಂತ ಐತೆ ಅಕ್ಕ. ಎರಡು ಸಾವಿರ ವರ್ಷದ ಹಿಂದೆ ಗುಡ್ಡ ಕೊರೆದು ಮಾಡಿದ ಬೌದ್ಧರ ಚೈತ್ಯ. ಹೋಗಿದ್ದೆ. ಕಂಬದ ಬುಡ ಮುಟ್ಟಿದೆ, ಗೋಡೆ ಮುಟ್ಟಿದೆ. ಕೈಗೆ ಎಟುಕಿದ್ದಷ್ಟೇ ನನಗೆ ಗೊತ್ತು. ಮೇಲಿರೋದೆಲ್ಲ ಬೇರೆಯವರು ಹೇಳಿದ್ದು. ಅದನ್ನೂ ನಾನೇ ನೋಡಬೇಕು. ಕೈಗೆ ಸಿಗೋ ಹಾಗೆ ಮರದಲ್ಲಿ ಮಾಡಿಕೊಡಿ."

ಸಿದ್ದರಾಮು ಮೊಬೈಲಿನಲ್ಲಿ ಫೋಟೊ ತೋರಿಸಿದ. ಉದ್ದನೆಯ ಹಜಾರ, ಎರಡೂ ಕಡೆ ಗಡಿಗೆಯಾಕಾರದ ಬುಡದ ಮೇಲೆ ನಿಂತ ಕಂಬಗಳು, ಕೊನೆಯಲ್ಲಿ ನೆತ್ತಿಯ ಮೇಲೆ ಕೊಡೆ ಹೊತ್ತ ಗುಂಡನೆಯ ಕಲ್ಲಿನ ದಿಬ್ಬ. ಮುನಿತಾಯಮ್ಮ ಎಲ್ಲ ಫೋಟೊ ನೋಡಿ, "ದೇವರೆಲ್ಲಿ ಅವ್ವಾ?" ಅಂದಳು.

"ಕೊನೇಲಿರೋ ದಿಬ್ಬಾನೇ. ಸ್ತೂಪ ಅಂತಾರೆ. ಆಗಿನ್ನೂ ಬುದ್ಧನ ಮೂರ್ತಿ ಮಾಡೋ ರೂಢಿ ಇರಲಿಲ್ಲ. ಅದರ ಸುತ್ತ ನಡೀತಿದ್ರು. ನಡೆಯೋದೇ ಪೂಜೆ," ಅಂದಳು ಅನುಷಾ.

ಮುನಿತಾಯಮ್ಮ ಮತ್ತೆ ಫೋಟೊ ದೊಡ್ಡದು ಮಾಡಿ ಮಾಡಿ ನೋಡಿದಳು. ಚಾವಣಿಯಲ್ಲಿ ಕಮಾನಿನ ಹಾಗೆ ಬಾಗಿದ ತೊಲೆಗಳು. "ಇದು ಮರ ಕಣವ್ವಾ!"

"ಮರಾನೇ. ಆ ಕಾಲದ್ದೇ."

"ಬಂಡೆ ಚಾವಣಿಗೆ ಮರದ ಆಸರೆ ಯಾಕೆ?"

"ಬೇಕಿರಲಿಲ್ಲ. ಮೊದಲು ಇಂಥವನ್ನ ಮರದಲ್ಲೇ ಕಟ್ತಿದ್ರಂತೆ. ಬಂಡೆಗೆ ಬಂದ ಮೇಲೂ ಮರಾನ ಬಿಡೋಕೆ ಮನಸ್ಸು ಬರಲಿಲ್ಲವೇನೋ."

ಮುನಿತಾಯಮ್ಮ ಫೋಟೊದ ತೊಲೆಯ ಮೇಲೆ ಬೆರಳಿಟ್ಟಳು. ಅವಳ ಕೊಟ್ಟಿಗೆಯ ಹಲಗೆ ನಾಲ್ಕು ಮಳೆಗಾಲಕ್ಕೆ ಗೆದ್ದಲು ಹಿಡಿಯುತ್ತಿತ್ತು. ಹೆಸರು ಗೊತ್ತಿಲ್ಲದ ಯಾವನೋ ಬಡಗಿ ಬಗ್ಗಿಸಿದ ತೊಲೆ ಎರಡು ಸಾವಿರ ವರ್ಷದಿಂದ ಅಲ್ಲೇ ನಿಂತಿದೆ.

ಎರಡು ತಿಂಗಳು ಹಿಡಿಯಿತು. ಮೂವತ್ತೇಳು ಕಂಬ ಕಡೆದಳು. ಮುಂದಿನ ಮೂವತ್ತರ ತಲೆಯ ಮೇಲೆ ಆನೆಗಳನ್ನು ಪಕ್ಕದ ಬೀದಿಯ ಮುಕ್ತಿಯಾರ್ ಸಾಬರು ಕೆತ್ತಿಕೊಟ್ಟರು. ಸ್ತೂಪದ ಹಿಂದಿನ ಏಳು ಕಂಬ ಬೋಳು, ಅಲ್ಲಿದ್ದ ಹಾಗೆಯೇ. ಕೈ ಒಳಗೆ ಹೋಗಲೆಂದು ಚಾವಣಿಯನ್ನು ಎತ್ತಿಡುವಂತೆ ಮಾಡಿದಳು.

ಅನುಷಾ ಬಂದು ಬೆರಳಿಟ್ಟಳು. ಬಾಗಿಲು ದಾಟಿ, ಕಂಬದಿಂದ ಕಂಬಕ್ಕೆ ಬೆರಳು ನಡೆಸುತ್ತಾ ಸ್ತೂಪದ ಹತ್ತಿರ ಬಂದು ನಿಂತಳು. ಉಗುರಿನಿಂದ ಮೆಲ್ಲಗೆ ತಟ್ಟಿದಳು.

"ಅಕ್ಕ, ಇದು ಪೊಳ್ಳು."

"ಗಟ್ಟಿ ಮರ ಬಿರುಕು ಬುಡ್ತದೆ ಅಂತ ಒಳಗೆ ಕೊರೆದೆ. ನಮ್ಮ ಕಸುಬೇ ಅಂಗೆ."

"ಕಾರ್ಲೆಯ ಸ್ತೂಪ ಇಡೀ ಗಟ್ಟಿ. ಅದನ್ನ ತಂದು ಕೂರಿಸಿದ್ದಲ್ಲ ಅಕ್ಕ. ಗುಡ್ಡದಲ್ಲಿ ಸುತ್ತಲ ಕಲ್ಲೆಲ್ಲ ತೆಗೆದು ಅದೊಂದನ್ನ ಉಳಿಸಿದ್ರು. ನೆಲ, ಕಂಬ, ಸ್ತೂಪ, ಎಲ್ಲ ಒಂದೇ ಬಂಡೆ."

ಮುನಿತಾಯಮ್ಮ ಉಳಿ ಕೆಳಗಿಟ್ಟಳು. ಬೇಡದ್ದನ್ನು ತೆಗೆದು ಬೇಕಾದ್ದನ್ನು ಉಳಿಸುವುದೇ ಅವಳ ಜೀವಮಾನದ ಕೆಲಸ. ಆದರೆ ಒಂದು ಗುಡ್ಡವನ್ನು!

"ಒಂದು ಏಟು ತಪ್ಪಿದ್ರೆ?"

"ತಿದ್ದೋಕೆ ಇನ್ನೊಂದು ಗುಡ್ಡ ಇಲ್ಲ."

"ಒಸಿ ದಿನ ಕೊಡವ್ವಾ," ಅಂದಳು ಮುನಿತಾಯಮ್ಮ.

ಅಟ್ಟದ ಮೇಲೆ ಏಳು ವರ್ಷ ಒಣಗಿದ್ದ ದಿಮ್ಮಿಯೊಂದಿತ್ತು. ಪೀಠವನ್ನೂ ಸ್ತೂಪವನ್ನೂ ಆ ಒಂದೇ ದಿಮ್ಮಿಯಲ್ಲಿ ಕಡೆದಳು. ಒಂದೊಂದು ಏಟಿಗೂ ಉಸಿರು ಬಿಗಿಹಿಡಿದಳು. ಅರಗಿನ ಬಣ್ಣ ಹಚ್ಚಲು ಮನಸ್ಸಾಗಲಿಲ್ಲ. ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟು ಬಿಟ್ಟಳು.

ಸಿದ್ದರಾಮು ಗೂಡ್ಸ್ ಆಟೋ ತಂದ ದಿನ ಅನುಷಾ ಮತ್ತೆ ತಟ್ಟಿದಳು. ಈ ಸಲ ಪೊಳ್ಳು ಸದ್ದಿಲ್ಲ, ಇಡೀ ಗಟ್ಟಿ. ಅವಳ ಬೆರಳು ಸ್ತೂಪದ ನೆತ್ತಿಯ ಕೊಡೆ ಹತ್ತಿತು. ಚಾವಣಿ ಮುಚ್ಚಿಸಿಕೊಂಡು, ಬಾಗಿಲಿನಿಂದ ಕೈ ತೂರಿಸಿ ತೊಲೆಗಳನ್ನು ಒಂದೊಂದಾಗಿ ಸವರಿದಳು.

"ಇಷ್ಟು ಎತ್ತರ ಇತ್ತಾ," ಅಂದಳು ಆಮೇಲೆ. "ನಾನು ಇದರ ಕೆಳಗೆ ನಿಂತಿದ್ನಾ!"

ಚಾವಣಿ ಎತ್ತಿಡಿಸಿ ಮುನಿತಾಯಮ್ಮನ ಕೈ ಹಿಡಿದಳು. "ಕಣ್ಣು ಮುಚ್ಚಿಕೊಳ್ಳಿ ಅಕ್ಕ. ಸ್ತೂಪ ಬಲಗಡೆಗಿರಲಿ."

ಅನುಷಾ ನಡೆಸಿದಂತೆ ಮುನಿತಾಯಮ್ಮನ ಬೆರಳು ಎಡಗಡೆಯ ಕಂಬಗಳ ಹಿಂದೆ ಇಳಿಯಿತು. ತಾನೇ ಕಡೆದ ಕಂಬಗಳು. ಆದರೂ ಆರಕ್ಕೋ ಏಳಕ್ಕೋ ಮುನಿತಾಯಮ್ಮನಿಗೆ ಲೆಕ್ಕ ತಪ್ಪಿತು. ಆನೆಗಳು ಮುಗಿದು ಬೋಳು ಕಂಬ ಬಂದವು. ಆ ಸಂದಿನಲ್ಲಿ ಇಕ್ಕಟ್ಟು, ತಂಪು. ಬಲಕ್ಕೆ ಏನೋ ಭಾರವಾದದ್ದು ಸುಮ್ಮನೆ ಕೂತಿತ್ತು. ಎಷ್ಟೋ ಕಾಲಿನ ಸದ್ದು ಮುಂದೆ ಹೋದ ಹಾಗೆ, ಇನ್ನೆಷ್ಟೋ ಹಿಂದೆ ಬರುತ್ತಿರುವ ಹಾಗೆ ಅನ್ನಿಸಿತು. ತಿರುಗಿ ಬಾಗಿಲಿಗೆ ಬರುವಷ್ಟರಲ್ಲಿ ಕೆನ್ನೆ ಒದ್ದೆಯಾಗಿತ್ತು.

ಹೊರಗೆ ಸಿದ್ದರಾಮು, "ಏರಿಸೋಣ್ವಾ ಅಕ್ಕ?" ಅಂತ ಕೂಗಿದ.

ಮುನಿತಾಯಮ್ಮ ಕಣ್ಣು ತೆರೆಯಲಿಲ್ಲ. "ತಡಿಯಪ್ಪ," ಅಂದಳು. ಅನುಷಾಳ ಕೈಯನ್ನು ಇನ್ನೊಂದಿಷ್ಟು ಬಿಗಿಯಾಗಿ ಹಿಡಿದಳು. "ಇನ್ನೊಂದು ಸುತ್ತು ಕರ್ಕೊಂಡೋಗವ್ವಾ."