ಎದುರಿಗೆ ಇಟ್ಟ ಕಲ್ಲು

ನಮ್ಮ ಮನೆಯ ಜಗಲಿಯ ಒಂದು ತುದಿಯಲ್ಲಿ ಕಲ್ಲೊಂದು ಕೂತಿದೆ. ಇದೆ ಎನ್ನುವುದಕ್ಕಿಂತ ಕೂತಿದೆ ಎಂದರೇ ಸರಿ. ಮಂಡಿ ಅಪ್ಪಿಕೊಂಡ ಮುದುಕನ ಹಾಗೆ ಅದರ ಬೆನ್ನು ಬಾಗಿದೆ. ನೀರು ಸವರಿ ಸವರಿ ಮೈ ನುಣುಪಾಗಿದೆ. ಬಂದವರೆಲ್ಲ ಅದೇನೆಂದು ಕೇಳುತ್ತಾರೆ. ಅದು ನನ್ನ ಕಣ್ಣೆದುರೇ ಆಕಾಶದಿಂದ ಬಿತ್ತು, ಮೂರು ದಿನ ಹೊಗೆಯಾಡುತ್ತಿತ್ತು ಎಂದು ದನದ ಡಾಕ್ಟರಿಗೆ ಹೇಳಿದ್ದೇನೆ. ಪಾಳೆಯಗಾರನೊಬ್ಬ ತನ್ನ ಪಟ್ಟದಾನೆಯನ್ನು ತೂಗಲು ಇಟ್ಟುಕೊಂಡಿದ್ದ ತೂಕದ ಕಲ್ಲು ಎಂದು ಬೀಗರಿಗೆ ಹೇಳಿದ್ದೇನೆ. ಮೊಸರು ಮಾರುವ ಮುದುಕಿಗೆ, ಇದು ಗಂಡಭೇರುಂಡದ ಮೊಟ್ಟೆ, ಕಾವು ಸಾಲದೆ ಹೀಗಾಯಿತು ಎಂದೆ. ಪಾಪ, ಆಕೆ ಅಂದಿನಿಂದ ಜಗಲಿಯ ಮುಂದೆ ಸದ್ದಾಗದ ಹಾಗೆ ನಡೆಯುತ್ತಾಳೆ. ಸುಳ್ಳು ಹೇಳಿ ಹೇಳಿ ನನಗೆ ಬೇಸರವಾಯಿತೆಂದಲ್ಲ. ನನ್ನ ದಾಸ್ತಾನು ಇನ್ನೂ ಮೂರು ತಲೆಮಾರಿಗೆ ಸಾಲುವಷ್ಟಿದೆ. ಆದರೆ ಈ ಕಲ್ಲಿಗೆ ಒಂದು ನಿಜವಾದರೂ ಸಲ್ಲಬೇಕು.

ಆಗ ನನಗೆ ಮೂವತ್ತು ದಾಟಿತ್ತು. ದವಸದ ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ. ನಾನೊಂದು ದಿನ ರಜೆ ಹಾಕಿದರೆ ಊರಿನ ಒಲೆಗಳೇ ಹೊತ್ತುವುದಿಲ್ಲ ಎಂದು ನಾನೇ ಸುದ್ದಿ ಹಬ್ಬಿಸಿದ್ದರಿಂದ ರಜೆ ಕೇಳಲು ನನಗೇ ನಾಚಿಕೆ. ಊರು ಬಿಟ್ಟು ಹೋದದ್ದು ಒಂದೇ ಸಲ, ಸೋದರತ್ತೆಯ ತಿಥಿಗೆ, ಹದಿನಾಲ್ಕು ಮೈಲಿ. ಇಂಥ ನಾನು ಸಲೋಮಿ ಟೀಚರ ಸಂಜೆಯ ಇಂಗ್ಲಿಷ್ ತರಗತಿಗೆ ಸೇರಿದೆ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಆಕೆಯ ಬೆರಳಿನ ಸೀಮೆಸುಣ್ಣ ಹೋಗಿರಲಿಲ್ಲ. ಸೇರುವಾಗಲೇ, “ಇಂಗ್ಲಿಷ್ ನನಗೆ ನೀರು ಕುಡಿದ ಹಾಗೆ ಟೀಚರ್, ಉಳಿದವರಿಗೆ ಧೈರ್ಯವಿರಲಿ ಅಂತ ಬಂದೆ” ಎಂದೆ. ಆಕೆ ಕನ್ನಡಕದ ಮೇಲಿಂದ ನೋಡಿ, “ಹಾಗಾದ್ರೆ ಮುಂದಿನ ಬೆಂಚಿಗೆ ಬನ್ನಿ. ನೀವು ನೀರು ಕುಡಿಯೋದನ್ನ ನಾವೂ ನೋಡ್ತೀವಿ” ಎಂದರು.

ಒಂಬತ್ತನೆಯ ಪಾಠ ರಜಾದಿನಗಳ ವಿಹಾರದ್ದು. ಪುಸ್ತಕದಲ್ಲಿ ಪುಟ ತುಂಬ ಒಂದು ಚಿತ್ರ. ನೀಲಿ ಸರೋವರ; ದಡದಲ್ಲಿ ಚೌಕಳಿ ಬಟ್ಟೆ ಹಾಸಿ ಬುತ್ತಿ ಬಿಚ್ಚಿದ ಸಂಸಾರ; ಮೇಲೆ ಗಾಳಿಪಟ; ನೀರಿನ ನಡುವೆ ದೋಣಿಯಲ್ಲಿ ಎದುರುಬದುರು ಕೂತ ಒಬ್ಬ ಗಂಡಸು, ಒಬ್ಬ ಹೆಂಗಸು. “ವಾಟ್ ಡಿಡ್ ಯೂ ಡೂ ಆನ್ ಯುವರ್ ಹಾಲಿಡೇ?” ಎಂದು ಟೀಚರು ಒಬ್ಬೊಬ್ಬರನ್ನೇ ಕೇಳಿದರು. ಇದ್ದ ಹನ್ನೊಂದು ಜನರಲ್ಲಿ ವಿಹಾರವೆಂಬುದನ್ನು ಕಂಡವರೇ ಇರಲಿಲ್ಲ. ಕಾಂಪೌಂಡರ್ ವಾಸಪ್ಪ ಎದ್ದು “ಐ ಸ್ಲೆಪ್ಟ್” ಎಂದು ಕೂತ. ಟೈಲರ್ ದಸ್ತಗೀರ್ ತಲೆ ಕೆರೆದುಕೊಂಡು, ತನ್ನ ಅಂಗಿಯ ಗುಂಡಿಯನ್ನು ತಾನೇ ಹೊಲಿದುಕೊಂಡೆ ಎಂದ. ನನ್ನ ಸರದಿ ಬಂತು. ನಾಲಿಗೆ ನನ್ನ ಅಪ್ಪಣೆಗೆ ಕಾಯಲಿಲ್ಲ.

“ಐ ಹ್ಯಾವ್ ಎ ಬೋಟ್” ಎಂದೆ.

ಬೋಟು ಹಾಲಿನಂತೆ ಬಿಳಿ, ಹೆಸರು ರಾಜಹಂಸ, ಪಟ್ಟೆಪಟ್ಟೆಯ ಹಾಯಿ. ಭಾನುವಾರ ನಾನು ಅದರಲ್ಲಿ ಅಂಗಾತ ಮಲಗಿ ಕಿತ್ತಲೆ ಸುಲಿಯುತ್ತೇನೆ, ಮೀನುಗಳು ಸಿಪ್ಪೆಗೆಂದು ಸಾಲುಗಟ್ಟಿ ನಿಲ್ಲುತ್ತವೆ. ಟೀಚರು ನನ್ನ ಕ್ರಿಯಾಪದಗಳನ್ನು ಮಾತ್ರ ತಿದ್ದಿದರು. ನಿಜ ಹೇಳಬೇಕೆಂದರೆ ನೀರೆಂದರೆ ನನಗೆ ಪ್ರಾಣಭಯ. ಬಚ್ಚಲ ಹಂಡೆಗೆ ಬಗ್ಗುವಾಗಲೂ ಅಂಚು ಹಿಡಿದುಕೊಳ್ಳುವವನು ನಾನು.

ಆಗ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. ದೇವೀರಮ್ಮ ಎಂದು ಹೆಸರು, ಇಪ್ಪತ್ತೆಂಟರ ಆಸುಪಾಸು, ಹೊಳೆಯಾಚೆಯವಳು. ನಮಗೆ ಗೊತ್ತಿದ್ದದ್ದು ಅಷ್ಟೇ. “ಟೀಚರ್, ಐ ಡೂ ಬೋಟಿಂಗ್. ಎವ್ರಿ ಡೇ. ಹಾಲಿಡೇ ನೋ” ಎಂದಳು. ತರಗತಿ ನಕ್ಕಿತು. ಅವಳು ನಾಚಲಿಲ್ಲ, ಕನ್ನಡಕ್ಕೆ ಹೊರಳಿದಳು. “ಹೊಳೆ ದಾಟ್ಸೋ ಚಿಕ್ಕಬೋರಯ್ಯ ನಮ್ಮಪ್ಪ. ಅಪ್ಪನ ರಟ್ಟೆ ಬಿದ್ದೋದ ಮ್ಯಾಕೆ ಹರಿಗೋಲು ಹಾಕೋಳು ನಾನೇಯ.”

ಒಂದು ಸಲಕ್ಕೆ ಎಷ್ಟು ಜನ ಕೂರುತ್ತಾರೆ ಎಂದು ಟೀಚರು ಇಂಗ್ಲಿಷಿನಲ್ಲಿ ಕೇಳಿದರು.

“ಟೆನ್ ಪೀಪಲ್. ಒಬ್ರೇ ಬಂದ್ರೆ... ಒನ್ ಮ್ಯಾನ್, ಒನ್ ಸ್ಟೋನ್.”

ಹರಿಗೋಲು ಬುಟ್ಟಿಯ ಹಾಗೆ ಗುಂಡಗಿರುತ್ತದೆ. ಒಂದೇ ಕಡೆ ಭಾರ ಬಿದ್ದರೆ ವಾಲಿ ಗಿರಗಿರನೆ ಸುತ್ತುತ್ತದೆ. ಹಾಗಾಗಿ ಒಂಟಿಯಾಗಿ ದಾಟುವವರ ಎದುರಿಗೆ ಒಂದು ಗುಂಡುಕಲ್ಲು ಇಡುತ್ತಾರಂತೆ. “ಕಲ್ಲಿನ ಹತ್ತಿರಾನೂ ಕೂಲಿ ತಗೋತೀರಾ?” ಎಂದು ನಾನು ಕಿಚಾಯಿಸಿದೆ.

“ಇಲ್ಲ ಸಾರ್. ಕಲ್ಲು ಬಡಾಯಿ ಕೊಚ್ಚಾಕಿಲ್ಲ, ಅದ್ಕೇ ಅದುಕ್ಕೆ ಬಿಟ್ಟಿ” ಎಂದಳು. ದಸ್ತಗೀರ್ ಬೆಂಚು ಗುದ್ದಿ ನಕ್ಕ.

ನಾನು ಹೆದರಿದ್ದು ನಗೆಗಲ್ಲ. ಹೊಳೆಯ ಮೇಲೆ ತೇಲುವ ಎಲೆಯನ್ನೂ ಬಲ್ಲವಳು ಇವಳು! ತಕ್ಷಣ ನನ್ನ ಬೋಟನ್ನು ಹತ್ತು ಮೈಲಿ ಮೇಲಕ್ಕೆ, ಅಣೆಕಟ್ಟಿನ ಹಿನ್ನೀರಿಗೆ ಸಾಗಿಸಿಬಿಟ್ಟೆ. ಬಾಯಲ್ಲಿ ಸಾಗಿಸಲು ಎಷ್ಟು ಹೊತ್ತು? ದೇವೀರಮ್ಮ “ಓಹೋ, ಹಿನ್ನೀರ್ನಾಗಾ” ಎಂದು ತಲೆಯಾಡಿಸಿದಳು. ನಂಬಿದಳೆಂದು ನಾನು ನಂಬಿದೆ.

ಅಂದಿನಿಂದ ವಾರ ವಾರವೂ ತರಗತಿಗೆ ಬಂದ ಕೂಡಲೇ ಅವಳದೊಂದೇ ಪ್ರಶ್ನೆ: “ಹೌ ಈಸ್ ಯುವರ್ ಬೋಟ್, ಸಾರ್?” ಒಂದು ವಾರ ಬೋಟಿನ ತಳಕ್ಕೆ ಡಾಂಬರು ಬಳಿಯುತ್ತಿದ್ದರು. ಇನ್ನೊಂದು ವಾರ ಹಾಯಿಯನ್ನು ಇಲಿ ಕಡಿದಿತ್ತು. ಇಲಿ ಬೆಕ್ಕಿನಷ್ಟು ದಪ್ಪ. ಮತ್ತೊಂದು ವಾರ ಹಾಯಿಕಂಬದ ತುದಿಯಲ್ಲಿ ಮಿಂಚುಳ್ಳಿ ಮೊಟ್ಟೆಯಿಟ್ಟಿತ್ತು, ಅಂಥ ಬೋಟನ್ನು ಕದಲಿಸಲು ನನ್ನ ಕರುಳು ಒಪ್ಪಲಿಲ್ಲ. “ಹೌ ಮೆನಿ ಎಗ್ಸ್?” ಎಂದಳು. ನಾಲ್ಕು ಎಂದೆ. ಮುಂದಿನ ವಾರ, “ಮರಿ ಹಾರಿದ್ವಾ ಸಾರ್?” ಒಂದು ಇನ್ನೂ ಹಾರಿಲ್ಲ, ಅದಕ್ಕೆ ನನ್ನನ್ನು ಕಂಡರೆ ಜೀವ ಎಂದೆ. ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆ ಪ್ರಶ್ನೆಗಾಗಿ ನಾನು ವಾರವಿಡೀ ಮೂಟೆಗಳ ನಡುವೆ ಕೂತು ಉತ್ತರ ಕಟ್ಟುತ್ತಿದ್ದೆ. ಅದನ್ನು ಏನೆಂದು ಕರೆಯಬೇಕೋ ಆಗ ನನಗೆ ತಿಳಿಯಲಿಲ್ಲ. ನನ್ನ ಪ್ರತಿಭೆ ಎಂದುಕೊಂಡೆ.

ಅಷ್ಟರಲ್ಲಿ ಹೊಳೆಗೆ ಸೇತುವೆ ಎದ್ದಿತು. ಅದು ತೆರೆದ ದಿನವೇ ಹರಿಗೋಲು ನಿಲ್ಲುತ್ತದೆ. ಗುಡ್ಡದ ಮೇಲಿನ ಪ್ರವಾಸಿಗರ ಬಂಗಲೆಯಲ್ಲಿ ದೇವೀರಮ್ಮನಿಗೆ ಒಂದು ಕೆಲಸ ಸಿಗುವಂತಿತ್ತು, ಇಂಗ್ಲಿಷ್ ಆಡಬಲ್ಲಳೆಂದು ಸಲೋಮಿ ಟೀಚರು ಚೀಟಿ ಕೊಟ್ಟರೆ. ಅದಕ್ಕೊಂದು ಬಾಯಿಪರೀಕ್ಷೆ: ನೀವು ಕಳೆದ ಒಂದು ರಜಾದಿನವನ್ನು ಹತ್ತು ವಾಕ್ಯಗಳಲ್ಲಿ ಬಣ್ಣಿಸಿ.

ಒಂದು ಸಂಜೆ ತರಗತಿ ಮುಗಿದ ಮೇಲೆ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದಳು. “ಸಾರ್, ಪರೀಕ್ಸೇಲಿ ನಾನು ಏನೇಳ್ಲಿ?”

“ಏನಾದ್ರೂ ಕಟ್ಟಿ ಹೇಳಿ. ಸಮುದ್ರಕ್ಕೆ ಹೋಗಿದ್ದೆ, ತಿಮಿಂಗಿಲ ಕೈಕುಲುಕಿತು ಅನ್ನಿ. ಬೇಕಾದ್ರೆ ನಾನೇ ಬರ್ಕೊಡ್ತೀನಿ.”

“ನಂಗೆ ಕಟ್ಟಾಕೆ ಬರಾಕಿಲ್ಲ. ಕಂಡಿದ್ದೇ ಬಾಯಿಗೆ ಬರೋದು.” ಪುಸ್ತಕ ಬಿಚ್ಚಿ ಚಿತ್ರ ತೋರಿಸಿದಳು. “ಈಯಮ್ಮನ ಕೈ ನೋಡಿ.”

ದೋಣಿಯ ಹೆಂಗಸಿನ ಒಂದು ಕೈ ನೀರಿಗೆ ಇಳಿಬಿದ್ದಿತ್ತು. ಬೆರಳುಗಳು ಏನನ್ನೂ ಹಿಡಿದಿರಲಿಲ್ಲ.

“ಹದಿನಾಲ್ಕು ವರ್ಸದಿಂದ ಹೊಳೆ ಮ್ಯಾಲೇ ಇದೀನಿ ಸಾರ್. ಒಂದು ದಿನಾನೂ ಹಿಂಗೆ ಕೈ ಬಿಟ್ಕಂಡು ಕೂತಿಲ್ಲ. ಸೇತ್ವೆ ತೆರೆಯೋದ್ರೊಳಗೆ ಒಂದ್ಸಲ ನಿಮ್ ಬೋಟ್ನಾಗೆ ಕರ್ಕಂಡೋಗ್ತೀರಾ?” ಪುಟದ ಮೇಲಿದ್ದ ಅವಳ ಅಂಗೈ ಕಂಡಿತು. ಹರಿಗೋಲಿನ ಹುಟ್ಟಿನ ಹಿಡಿ ಕೂತು ಕೂತು ಅದು ಹಲಗೆಯಂತಾಗಿತ್ತು.

ಬೋಟಿಲ್ಲ ಕಣಮ್ಮ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಿಲ್ಲ. “ಅದಕ್ಕೇನಂತೆ! ಸೋಮವಾರ ತಾನೇ ಸೇತುವೆ? ಭಾನುವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮ ದಡಕ್ಕೇ ರಾಜಹಂಸ ತರಿಸ್ತೀನಿ” ಎಂದೆ.

“ನೀವು ಬತ್ತೀರಲ್ಲ?”

“ಬರದೆ? ನಾನಿಲ್ಲದೆ ಆ ಬೋಟು ಕದಲೋದೇ ಇಲ್ಲ.”

ಭಾನುವಾರ ನಾನು ಹೋದೆ. ಹೋದದ್ದು ದಡಕ್ಕಲ್ಲ, ಸೇತುವೆಯ ಮೇಲಕ್ಕೆ. ಮರುದಿನದ ಸಮಾರಂಭಕ್ಕೆ ಕಟ್ಟಿದ್ದ ಬಾಳೆಕಂಬದ ಮರೆಯಲ್ಲಿ ನಿಂತೆ. ಕೆಳಗೆ ಮರಳಿನ ಮೇಲೆ ದೇವೀರಮ್ಮ ಕಾಯುತ್ತಿದ್ದಳು. ಹಸಿರು ಸೀರೆ, ಕೈಯಲ್ಲಿ ಬುತ್ತಿಯ ಬುಟ್ಟಿ, ಕಂಕುಳಲ್ಲಿ ಮಡಿಸಿದ ಚೌಕಳಿ ಬಟ್ಟೆ. ಪಾಠದಲ್ಲಿ ಹೇಳಿದ ಒಂದೊಂದನ್ನೂ ತಂದಿದ್ದಳು. ಎಂಟಾಯಿತು, ಒಂಬತ್ತಾಯಿತು. ಬೋಟು ಬರಬೇಕಾದ ಮೇಲಿನ ಹೊಳೆಯ ಕಡೆ ಅವಳು ಒಮ್ಮೆಯೂ ನೋಡಲಿಲ್ಲ, ಊರಿನ ದಾರಿಯನ್ನೇ ನೋಡುತ್ತಿದ್ದಳು. ನನ್ನಿಂದ ಅವಳಿಗೆ ಇನ್ನೂರು ಹೆಜ್ಜೆ. ಬಾಯಲ್ಲಿ ಭೂಮಂಡಲ ಸುತ್ತಿದವನಿಗೆ ಆ ಇನ್ನೂರು ಹೆಜ್ಜೆ ಇಳಿಯಲಾಗಲಿಲ್ಲ. ಹೊರಟೇಬಿಟ್ಟೆ.

ಸೇತುವೆಯ ಕೊನೆಗೆ ಬಂದು ಮತ್ತೆ ತಿರುಗಿದೆ. ಹರಿಗೋಲು ನಡುನೀರಿನಲ್ಲಿತ್ತು. ಮುದುಕ ಹುಟ್ಟು ಹಾಕುತ್ತಿದ್ದ. ಒಂದು ಬದಿಗೆ ದೇವೀರಮ್ಮ. ಅವಳೆದುರಿಗೆ ಚೌಕಳಿ ಹೊದಿಕೆ ಹೊದ್ದು ಬೆನ್ನು ಬಗ್ಗಿಸಿ ಕೂತ ಇನ್ನೊಬ್ಬ! ನನ್ನ ಕಣ್ಣು ಹದ್ದಿನ ಕಣ್ಣೆಂದು ಹೇಳಿಕೊಂಡು ಕನ್ನಡಕ ಹಾಕದೆ ಓಡಾಡುತ್ತಿದ್ದ ಕಾಲ ಅದು. ಅವಳು ಅವನತ್ತ ಬಾಗಿ ಮಾತಾಡುತ್ತಿದ್ದಳು. ಒಂದು ಕೈ ನೀರಿಗೆ ಇಳಿಬಿದ್ದಿತ್ತು. ನನ್ನ ನಾಚಿಕೆಯೆಲ್ಲ ಒಂದೇ ಕ್ಷಣದಲ್ಲಿ ಸಿಟ್ಟಾಯಿತು. ಒಂದೂವರೆ ಗಂಟೆ ಕಾಯಲಾಗಲಿಲ್ಲವೇ, ನನ್ನ ಜಾಗಕ್ಕೆ ಇನ್ನೊಬ್ಬನನ್ನು ಕೂರಿಸಿಕೊಂಡಳಲ್ಲ! ಎಷ್ಟು ಸುಖದ ಸಿಟ್ಟು ಅದು. ತಪ್ಪು ನನ್ನದಲ್ಲವೆಂದು ಮನೆಯವರೆಗೂ ಹಗುರವಾಗಿ ನಡೆದೆ.

ತರಗತಿಗೆ ಹೋಗುವುದನ್ನೇ ಬಿಟ್ಟೆ. ನೂರಾಹತ್ತು ಡಿಗ್ರಿ ಜ್ವರವೆಂದು ಹೇಳಿ ಕಳಿಸಿದೆ. ತಿಂಗಳೊಪ್ಪತ್ತು ಕಳೆದ ಮೇಲೆ ಪೇಟೆಯಲ್ಲಿ ಸಲೋಮಿ ಟೀಚರು ಸಿಕ್ಕರು.

“ಬದುಕಿದ್ದೀರಾ? ನಿಮ್ಮ ದೇವೀರಮ್ಮ ಎಷ್ಟು ಚೆನ್ನಾಗಿ ಹೇಳಿದಳು ಗೊತ್ತಾ? ಹತ್ತು ವಾಕ್ಯ ಕೇಳಿದ್ರೆ ಹದಿನೈದು. ನೀರು ತಣ್ಣಗಿತ್ತು, ಅಪ್ಪ ಹುಟ್ಟು ಹಾಕಿದ, ನನ್ನ ಕೈಗೆ ಕೆಲಸವಿರಲಿಲ್ಲ, ಅವಲಕ್ಕಿ ತಿಂದ್ವಿ. ಕೊನೇ ವಾಕ್ಯ, ‘ಮೈ ಫ್ರೆಂಡ್ ವಾಸ್ ವೆರಿ ಕ್ವಯಟ್’ ಅಂತ. ಒಂದು ತಪ್ಪಿಲ್ಲ.”

ಆ ಮೌನಿ ಗೆಳೆಯನ ಮಾತು ನನಗೆ ಚುಚ್ಚಿತು. “ಬಂಗಲೆಯಲ್ಲಿದ್ದಾಳೋ?” ಎಂದೆ.

“ಇದ್ದಳು, ಹದಿನೈದು ದಿನ. ಅಲ್ಲಿಗೆ ಬಂದಿದ್ದ ಪರಸ್ಥಳದವರು ಮಕ್ಕಳನ್ನ ನೋಡ್ಕೊಳ್ಳೋಕೆ ಜೊತೇಲೇ ಕರ್ಕೊಂಡು ಹೋದ್ರು. ಹೋಗೋ ಮುಂಚೆ ನಿಮ್ಮ ಜ್ವರ ಇಳೀತಾ ಅಂತ ಕೇಳಿದಳು.”

ಅದೇ ಸಂಜೆ ದಡಕ್ಕೆ ಇಳಿದೆ. ಬೋರಲು ಹಾಕಿದ ಹರಿಗೋಲಿನ ಪಕ್ಕ ಚಿಕ್ಕಬೋರಯ್ಯ ಬೀಡಿ ಸೇದುತ್ತ ಕೂತಿದ್ದ. ಬಲರಟ್ಟೆಯ ನೋವಿಗೆ ಎಕ್ಕದ ಎಲೆ ಕಟ್ಟಿಕೊಂಡಿದ್ದ. “ಅವತ್ತು ಭಾನುವಾರ ನಿಮ್ಮ ಮಗಳ ಎದುರಿಗೆ ಕೂತಿದ್ದವನು ಯಾರಜ್ಜ?” ಎಂದು ಹುಳ್ಳಗೆ ಕೇಳಿದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನೀವೇ ಏನು, ಬೋಟಿನ ಸಾವ್ಕಾರ್ರು?”

“ಅವಳು ಬೋಟಿನ ವಿಷಯ ಹೇಳಿದ್ದಳಾ?”

“ವಾರವಾರ ಬಂದು ಯೋಳೋಳು. ಮಿಂಚುಳ್ಳಿ ಕತೆ ಯೋಳ್ಕಂಡು ಉಂಬಾಗ್ಲೂ ನಗೋಳು. ಮಿಂಚುಳ್ಳಿ ದಡದ ಬಿಲದಾಗೆ ಮೊಟ್ಟೆ ಇಕ್ತದೆ ಸ್ವಾಮಿ, ಕಂಬದ ಮ್ಯಾಲಲ್ಲ. ಹಿನ್ನೀರ್ನಾಗೆ ಏನು ತೇಲ್ತದೆ ಏನು ತೇಲಾಕಿಲ್ಲ ಅಂತ ನಮಗೆ ತಿಳೀದಾ?”

“ಗೊತ್ತಿದ್ದೂ ಯಾಕೆ ಕಾದಳು?”

“ನಾನೂ ಅದ್ನೇ ಅಂದೆ. ಬೋಟಿಲ್ಲ ಏನಿಲ್ಲ, ಸುಮ್ಕೆ ಯಾಕವ್ವ ಹೊಸ ಸೀರೆ ಉಟ್ಟೆ ಅಂತ. ‘ಬೋಟಿಲ್ಲ ಅಂತ ಗೊತ್ತು ಕಣಪ್ಪ. ಅವ್ರು ಬತ್ತಾರೆ. ನೀನು ಹುಟ್ಟು ಹಾಕು, ನಾವಿಬ್ರೂ ಕೂತ್ಕಂತೀವಿ’ ಅಂದ್ಲು.” ಬೀಡಿ ಆರಿತ್ತು, ಅವನು ಮತ್ತೆ ಹಚ್ಚಲಿಲ್ಲ. “ಬಿಸಿಲೇರ್ತು. ಬಾರವ್ವ, ರಟ್ಟೆ ನೊಂದ್ರೂ ನೋಯ್ಲಿ, ನಾನಾದ್ರೂ ಒಂದು ಸುತ್ತು ಹಾಕಿಸ್ತೀನಿ ಅಂದೆ. ಒಬ್ಬಳೇ ಕೂತ್ರೆ ವಾಲ್ತದಲ್ಲ, ನಿಮ್ಮ ಜಾಗಕ್ಕೆ ಕಲ್ಲಿಟ್ಟೆ.”

ಜೀವಮಾನದಲ್ಲಿ ಅದೇ ಮೊದಲು ನನ್ನ ನಾಲಿಗೆ ನನ್ನನ್ನು ಬಿಟ್ಟು ಹೋದದ್ದು.

“ಹಾಸಾಕೆ ತಂದಿದ್ದ ಬಟ್ಟೇನ ಕಲ್ಲಿಗೆ ಹೊದಿಸಿದ್ಲು. ಅದರ ಮುಂದೂ ಒಂದು ಎಲೇಲಿ ಅವಲಕ್ಕಿ ಇಕ್ಕಿದ್ಲು. ಕೈ ನೀರಿಗೆ ಬಿಟ್ಕಂಡು ಕಲ್ಲನ್ನ ಇಂಗ್ಲೀಸ್ನಾಗೆ ಏನೋ ಕೇಳೋಳು, ಅದರ ಪರವಾಗಿ ತಾನೇ ಜವಾಬು ಕೊಡೋಳು.”

“ನಗ್ತಿದ್ದಳಾ?”

“ಮೊದಮೊದ್ಲು ನಗ್ತಿದ್ಲು” ಎಂದ ಚಿಕ್ಕಬೋರಯ್ಯ.

ಕಲ್ಲು ಅಲ್ಲೇ ಮರಳಿನಲ್ಲಿ ಅರ್ಧ ಹೂತುಕೊಂಡಿತ್ತು. ಕೊಡುತ್ತೀರಾ ಎಂದು ಕೇಳಿದೆ. “ತಗಂಡೋಗಿ. ಇನ್ನು ಯಾರು ಇಲ್ಲಿ ಒಬ್ರೇ ದಾಟ್ತಾರೆ?” ಎಂದ. ಅದನ್ನು ಒಂದೇ ಹೆಗಲ ಮೇಲೆ ಹೊತ್ತು ತಂದೆ ಎಂದು ಬರೆಯಲು ಕೈ ತುರಿಸುತ್ತಿದೆ. ತಂದದ್ದು ಬಾಡಿಗೆ ಗಾಡಿಯಲ್ಲಿ, ಇಬ್ಬರು ಎತ್ತಿ ಕೊಟ್ಟರು.

ಅವಳಿಗೆ ಬರೆಯೋಣವೆಂದರೆ ವಿಳಾಸ ಯಾರ ಬಳಿಯೂ ಇರಲಿಲ್ಲ. ಚಿಕ್ಕಬೋರಯ್ಯನೂ ತೀರಿಹೋದ. ಹರಿಗೋಲಿನ ಬಿದಿರು ಯಾರದೋ ಒಲೆಗಾಯಿತು. ಸೇತುವೆಯ ಮೇಲೆ ಈಗ ದಿನಕ್ಕೆ ಸಾವಿರ ಗಾಡಿ ಓಡುತ್ತವೆ. ಸಾವಿರ ನಾನು ಹೇಳುವುದು, ಇನ್ನೂರಿರಬಹುದು.

ಜೋರು ಮಳೆ ಹೊಯ್ದ ದಿನ ಬೀದಿಯ ನೀರು ನಮ್ಮ ಜಗಲಿಯ ಅಂಚು ಮುಟ್ಟಿ ಹರಿಯುತ್ತದೆ. ಆಗ ನಾನು ಹೊರಗೆ ಬಂದು ಕೂರುತ್ತೇನೆ. ಆ ತುದಿಗೆ ಕಲ್ಲು, ಈ ತುದಿಗೆ ನಾನು. ಇರಚಲಿಗೆ ಅದರ ಬಾಗಿದ ಬೆನ್ನು ನೆನೆದು ಕಪ್ಪಾಗುತ್ತದೆ. ನಾನು ಮಾತಾಡುವುದಿಲ್ಲ. ಒಂದು ಕೈಯನ್ನು ನೀರಿಗೆ ಇಳಿಬಿಡುತ್ತೇನೆ. ನೀರು ತಣ್ಣಗಿರುತ್ತದೆ. ಜಗಲಿ ಯಾವ ಕಡೆಗೂ ವಾಲುವುದಿಲ್ಲ.